‘ನಮ್ಮಲ್ಲಿ ಅದೆಲ್ಲ ಇಲ್ಲ’ ಎಂಬ ಮಾತನ್ನು ನಂಬದ ವೈದ್ಯೆ

1985ರ ಹೊತ್ತಿಗೆ ಏಡ್ಸ್ ಎಂದರೆ ನಮ್ಮವರಿಗೆ ಅಮೆರಿಕದ ಸುದ್ದಿ. ಅಲ್ಲಿಯವರ ನಡತೆ ಹಾಗೆ, ಅದಕ್ಕೇ ಈ ರೋಗ, ನಮ್ಮದು ಸಂಸ್ಕಾರವಂತರ ನಾಡು ಎಂದು ಓದಿದವರೂ ನೆಮ್ಮದಿಯಾಗಿದ್ದರು. ಮುಂಬೈಯ ನೂರಾರು ಜನರ ರಕ್ತವನ್ನು ಪುಣೆಯಲ್ಲಿ ಪರೀಕ್ಷಿಸಿ ಏನೂ ಸಿಗದಿದ್ದಾಗ ಆ ನೆಮ್ಮದಿ ಇನ್ನಷ್ಟು ಗಟ್ಟಿಯಾಯಿತು. ಮುಂಬೈಯಲ್ಲೇ ಇಲ್ಲದ್ದು ಮಡಿವಂತ ಮದ್ರಾಸಿನಲ್ಲಿ ಇರಲು ಸಾಧ್ಯವೇ?

ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಹೇಳುತ್ತಿದ್ದ ಡಾ. ಸುನೀತಿ ಸಾಲೊಮನ್ ಅವರಿಗೆ ಮಾತ್ರ ಆ ನೆಮ್ಮದಿ ಸಾಕಾಗಲಿಲ್ಲ. ಮದ್ರಾಸಿನಲ್ಲೇ (ಇಂದಿನ ಚೆನ್ನೈ) ನೆಲೆಸಿದ್ದ ಮರಾಠಿ ವ್ಯಾಪಾರಿ ಕುಟುಂಬದ ಮಗಳು ಅವರು. ಹೊರದೇಶಗಳಲ್ಲಿ ತರಬೇತಿ ಪಡೆದು 1973ರಲ್ಲಿ ಊರಿಗೆ ಮರಳಿದ್ದರು. ಎಂ.ಡಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ, ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ ಏಡ್ಸ್ ತರುವ ಎಚ್‌ಐವಿ ಇದೆಯೇ ನೋಡು ಎಂದರು.

ನಿರ್ಮಲಾಗೆ ಆಗ 32 ವರ್ಷ. ಸಣ್ಣ ಊರಿನ ಸಂಪ್ರದಾಯಸ್ಥ ಮನೆಯವರು. ಇಂಥ ಕೆಲಸಕ್ಕೆ ಮನಸ್ಸು ಅಳುಕಿತು. ಧೈರ್ಯ ತುಂಬಿದವರು ಗಂಡ. ಲೈಂಗಿಕ ಕಾರ್ಯಕರ್ತೆಯರನ್ನು ಹಿಡಿದು ತಂದು ಇರಿಸುತ್ತಿದ್ದ ರಿಮ್ಯಾಂಡ್ ಹೋಮಿಗೆ ಹೋಗಿ, ಕೈಗವಸೂ ಇಲ್ಲದೆ, ಎಂಬತ್ತಕ್ಕೂ ಹೆಚ್ಚು ಮಂದಿಯ ರಕ್ತ ಸಂಗ್ರಹಿಸಿದರು. ಸುನೀತಿಯವರು ಹೊಂದಿಸಿಕೊಟ್ಟ ಪುಟ್ಟ ಪ್ರಯೋಗಾಲಯದಲ್ಲಿ ಸೀರಂ ಬೇರ್ಪಡಿಸಿದ್ದಾಯಿತು. ಅದನ್ನು ಇಡಲು ಬೇರೆ ಜಾಗವಿಲ್ಲ. ನಿರ್ಮಲಾ ತಮ್ಮ ಮನೆಯ ಫ್ರಿಜ್ಜಿನಲ್ಲೇ ಇಟ್ಟರು.

ಎಚ್‌ಐವಿ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯ ಸೌಲಭ್ಯ ಮದ್ರಾಸಿನಲ್ಲಿ ಇರಲಿಲ್ಲ. ಹಾಗಾಗಿ 1986ರ ಫೆಬ್ರವರಿಯ ಒಂದು ರಾತ್ರಿ ನಿರ್ಮಲಾ ಮತ್ತು ಅವರ ಗಂಡ ಆ ಮಾದರಿಗಳನ್ನು ಐಸ್‌ನಲ್ಲಿಟ್ಟುಕೊಂಡು ರೈಲು ಹತ್ತಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತಲುಪಿದರು. ಎಲೈಸಾದಲ್ಲಿ ಸೋಂಕಿದ್ದರೆ ದ್ರವಕ್ಕೆ ಬಣ್ಣ ಬರುತ್ತದೆ. ಪರೀಕ್ಷೆ ನಡೆಯುವಾಗ ಕರೆಂಟ್ ಹೋಗಿತ್ತು. ಅದು ಬಂದ ಮೇಲೆ ಪರೀಕ್ಷಾ ತಟ್ಟೆಯ ಮುಚ್ಚಳ ತೆಗೆದು ನೋಡಿದರೆ ಆರು ಗುಳಿಗಳಲ್ಲಿ ಹಳದಿ! ನೋಡಿದ ಯಾರಿಗೂ ನಂಬಿಕೆ ಬರಲಿಲ್ಲ. ಆ ಆರು ಮಂದಿಯಿಂದ ಮತ್ತೆ ರಕ್ತ ತೆಗೆದು ಅಮೆರಿಕಕ್ಕೆ ಕಳಿಸಿದರು. ಅಲ್ಲಿಂದಲೂ ಅದೇ ಉತ್ತರ ಬಂತು. ಭಾರತದಲ್ಲಿ ಎಚ್‌ಐವಿ ಇದೆ ಎಂದು ಮೊದಲ ಬಾರಿಗೆ ಖಚಿತವಾದದ್ದು ಹೀಗೆ. ಪ್ರಧಾನಿಗೆ ತಿಳಿಸಲಾಯಿತು, ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಸಚಿವರು ವಿಧಾನಸಭೆಗೆ ತಿಳಿಸಿದರು. ಜನ ಸಿಟ್ಟಾದರು. ಸಿಟ್ಟು ರೋಗದ ಮೇಲಲ್ಲ, ಅದನ್ನು ಕಂಡುಹಿಡಿದವರ ಮೇಲೆ. ಹೊರಗಿನಿಂದ ಬಂದ ಹೆಂಗಸು ನಮ್ಮೂರಿಗೆ ಮಸಿ ಬಳಿದಳು ಎಂಬ ಮಾತೂ ಬಂತು.

ಒಂದು ಮಾತು ಹೇಳಲೇಬೇಕು. ಯಾವುದಕ್ಕಾಗಿ ರಕ್ತ ತೆಗೆಯುತ್ತಿದ್ದಾರೆಂದು ಆ ಹೆಣ್ಣುಮಕ್ಕಳಿಗೆ ಹೇಳಿರಲಿಲ್ಲ. ಇಂದು ಹಾಗೆ ಮಾಡುವಂತಿಲ್ಲ, ಮಾಡಲೂಬಾರದು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು ಎನ್ನುತ್ತದೆ 2017ರ ಕಾಯ್ದೆ.

ನನಗೆ ಸುನೀತಿಯವರು ದೊಡ್ಡವರಾಗಿ ಕಾಣುವುದು ಈ ಪತ್ತೆಗಿಂತ ಹೆಚ್ಚಾಗಿ ಆಮೇಲಿನ ಮೂವತ್ತು ವರ್ಷಗಳಲ್ಲಿ. ಕಂಡುಹಿಡಿದದ್ದಾಯಿತು, ಹೆಸರೂ ಬಂತು. ಇನ್ನು ಪಾಠ ಹೇಳಿಕೊಂಡು ಇದ್ದುಬಿಡಬಹುದಿತ್ತು. ಆದರೆ ಸೋಂಕಿತರನ್ನು ಆಸ್ಪತ್ರೆಗಳೇ ಹೊರದಬ್ಬುತ್ತಿದ್ದ ಕಾಲ ಅದು. ವೈದ್ಯರು ಮುಟ್ಟಲು ಹಿಂಜರಿಯುತ್ತಿದ್ದರು. ಹೃದಯ ಶಸ್ತ್ರಚಿಕಿತ್ಸಕರಾಗಿದ್ದ ಪತಿಗೂ ಮೊದಲು ಈ ಕೆಲಸ ಇಷ್ಟವಿರಲಿಲ್ಲ. ಸೋಂಕಿತರ ಕಥೆ ಒಮ್ಮೆ ಕೇಳಿ, ಆಮೇಲೆ ನೀವೇ ಹೀಗೆ ಹೇಳಲಾರಿರಿ ಎಂದು ಸುನೀತಿ ಪತಿಯ ಮನವೊಲಿಸಿದರು. 1993ರಲ್ಲಿ ತಂದೆಯ ಹೆಸರಿನಲ್ಲಿ ವೈ.ಆರ್.ಜಿ. ಕೇರ್ ಸಂಸ್ಥೆ ಕಟ್ಟಿದರು. ಪರೀಕ್ಷೆ, ಆಪ್ತಸಮಾಲೋಚನೆ, ಚಿಕಿತ್ಸೆ, ಸಂಶೋಧನೆ ಎಲ್ಲವೂ ಒಂದೇ ಸೂರಿನಡಿ. ಬೇಗ ಔಷಧ ಶುರು ಮಾಡಿದರೆ ಸೋಂಕು ಸಂಗಾತಿಗೆ ದಾಟುವುದು ಶೇ. 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಜಗತ್ತಿಗೆ ತೋರಿಸಿದ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಚೆನ್ನೈಯ ಈ ಸಂಸ್ಥೆಯೂ ಪಾಲ್ಗೊಂಡಿತ್ತು. ಔಷಧದಿಂದ ಆಯುಸ್ಸು ಬಂದ ಮೇಲೆ ಯುವ ಸೋಂಕಿತರಿಗೆ ಮದುವೆಯ ಆಸೆ ಬಂತು. ಸುನೀತಿಯವರು ಅದನ್ನೂ ಕೈಗೆತ್ತಿಕೊಂಡು, ಸೋಂಕಿತರಿಗೆ ಸೋಂಕಿತರಲ್ಲೇ ಸಂಬಂಧ ಕುದುರಿಸಿದರು. ಇದು ವೈದ್ಯರ ಕೆಲಸವೇ ಎಂದು ಕೇಳುವವರು ಕೇಳಲಿ. ನನ್ನ ಮಟ್ಟಿಗೆ ಇದಕ್ಕಿಂತ ಪೂರ್ಣವಾದ ವೈದ್ಯಕೀಯವಿಲ್ಲ.

2015ರ ಜುಲೈಯಲ್ಲಿ ಅವರು ತೀರಿಕೊಂಡರು. ಪದ್ಮಶ್ರೀ ಬಂದದ್ದು 2017ರಲ್ಲಿ, ಮರಣೋತ್ತರವಾಗಿ.

ಇದು ಪಕ್ಕದ ರಾಜ್ಯದ ಕಥೆ ಎಂದು ನಮ್ಮ ಹುಡುಗ ಹುಡುಗಿಯರು ಸುಮ್ಮನಾಗುವಂತಿಲ್ಲ. ಸೋಂಕು ಅತಿ ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಎಚ್‌ಐವಿ ಹತ್ತಿಕ್ಕುವ ಎ.ಆರ್.ಟಿ. ಔಷಧವೂ ಉಚಿತ. ಆದರೂ ಮಾತ್ರೆಗಾಗಿ ಪರಿಚಯದವರಿಲ್ಲದ ಊರು ಹುಡುಕಿ ಹೋಗುವವರು ಇದ್ದಾರೆ. ಔಷಧ ಬಂದಷ್ಟು ಬೇಗ ನಾಚಿಕೆ ಹೋಗಿಲ್ಲ. ಅದನ್ನು ಹೋಗಲಾಡಿಸುವ ಕೆಲಸ ನಿಮ್ಮ ತಲೆಮಾರಿಗೆ ಉಳಿದಿದೆ.

ವೈದ್ಯಕೀಯ ಓದುತ್ತಿರುವ ತಂಗಿ, ತಮ್ಮ, ರೇಡಿಯಾಲಜಿ ಸೀಟಿಗಾಗಿ ಹಗಲಿರುಳು ಓದುವುದು ತಪ್ಪಲ್ಲ. ಸಮುದಾಯ ವೈದ್ಯಕೀಯವನ್ನೂ ಮೈಕ್ರೋಬಯಾಲಜಿಯನ್ನೂ ಬೇರೇನೂ ಸಿಗದವರ ಪಾಲು ಎಂದು ತಳ್ಳಬೇಡಿ, ಅಷ್ಟೇ. ದೇಶ ಕಣ್ಣುಮುಚ್ಚಿ ಕೂತಿದ್ದಾಗ ಅದರ ಕಣ್ಣು ತೆರೆಸಿದ್ದು ಒಬ್ಬ ಮೈಕ್ರೋಬಯಾಲಜಿ ಮೇಷ್ಟರು ಮತ್ತು ಒಬ್ಬ ಎಂ.ಡಿ. ವಿದ್ಯಾರ್ಥಿನಿ. ನರ್ಸಿಂಗ್ ಓದುವವರೇ, ಲ್ಯಾಬ್ ಟೆಕ್ನಿಷಿಯನ್ ಆಗುವವರೇ, ಸೋಂಕಿತರು ಮೊದಲು ಕಾಣುವ ಮುಖ ಹೆಚ್ಚಾಗಿ ನಿಮ್ಮದೇ. ಆ ಮುಖದಲ್ಲಿ ಅಸಹ್ಯ ಕಂಡರೆ ಅವರು ಮತ್ತೆ ಬರುವುದಿಲ್ಲ.

ನಿಮ್ಮ ಪ್ರಬಂಧಕ್ಕೆ ವಿಷಯ ಆರಿಸುವ ದಿನ ಬರುತ್ತದೆ. ಯಾವ ಕಾಯಿಲೆಯ ಬಗ್ಗೆ ನಿಮ್ಮ ಊರಿನವರು ‘ನಮ್ಮಲ್ಲಿ ಅದೆಲ್ಲ ಇಲ್ಲ’ ಎನ್ನುತ್ತಾರೋ ಅದನ್ನೇ ಆರಿಸಿಕೊಳ್ಳಿ. ಒಪ್ಪಿಗೆ ಕೇಳಿ, ಹೆಸರು ಗುಟ್ಟಾಗಿಡಿ, ಪರೀಕ್ಷೆ ಮಾಡಿ. ಫಲಿತಾಂಶ ಬಂದ ಮೇಲೆ ರೋಗಿಗಳ ಜೊತೆಗೇ ಇರಿ.