ಟೋಕಿಯೋದ ಪೊಲೀಸಪ್ಪ ಯಾವ ಭಾಷೆಯಲ್ಲಿ ಬರೆಯುತ್ತಾನೆ?



ನಮ್ಮ ಕಡೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದೆಂದರೆ ಮನೆತನದ ಮರ್ಯಾದೆಯ ಪ್ರಶ್ನೆ. ನಾನು ಹಲವು ವರ್ಷ ದುಡಿದ ಟೋಕಿಯೋದಲ್ಲಿ ಮೆಟ್ಟಿಲ ಮಾತೇ ಇಲ್ಲ! ಬೀದಿ ಮೂಲೆಯಲ್ಲಿ, ರೈಲು ನಿಲ್ದಾಣದ ಬಾಯಲ್ಲಿ ಒಂದು ಸಣ್ಣ ಕೋಣೆ, ಬಾಗಿಲ ಮೇಲೆ ಕೆಂಪು ದೀಪ. ಹೆಸರು ಕೋಬಾನ್. 1874ರಲ್ಲಿ ಅದೇ ಊರಿನಲ್ಲಿ ಶುರುವಾದ ಪದ್ಧತಿ. ಈಗ ಜಪಾನಿನ ತುಂಬ ಇಂಥ ಆರು ಸಾವಿರ ಕೋಣೆಗಳಿವೆ.

ಒಳಗಿರುವ ಪೇದೆಯನ್ನು ಜನ ‘ಒಮಾವಾರಿ-ಸಾನ್’ ಅನ್ನುತ್ತಾರೆ, ಅಂದರೆ ಗಸ್ತು ತಿರುಗುವವರು. ಅಜ್ಜಿ ದಾರಿ ಕೇಳಲು ಬರುತ್ತಾಳೆ. ಮಗು ಬೀದಿಯಲ್ಲಿ ಸಿಕ್ಕ ನಾಣ್ಯ ತಂದುಕೊಟ್ಟರೆ ನಗದೆ ಅದಕ್ಕೂ ಕಾಗದ ಬರೆಯುವುದುಂಟು. ಸಿಕ್ಕ ವಸ್ತುವನ್ನು ಮೂರು ತಿಂಗಳು ಕಾಯ್ದಿಡುತ್ತಾರೆ. ಪರ್ಸ್ ಕಳೆದುಕೊಂಡು ಮನೆಗೆ ಹೋಗಲು ಕಾಸಿಲ್ಲ ಎಂದವರಿಗೆ 1000 ಯೆನ್‌ವರೆಗೆ ಸಾಲವನ್ನೂ ಕೊಡುತ್ತಾರೆ.

ಇಷ್ಟಕ್ಕೇ ಚಪ್ಪಾಳೆ ತಟ್ಟಬೇಡಿ, ಇನ್ನರ್ಧ ಬಾಕಿ ಇದೆ.

ಅದೇ ಪೊಲೀಸಪ್ಪ ಪರದೇಶಿ ಮುಖ ಕಂಡರೆ ನಿಲ್ಲಿಸುತ್ತಾನೆ. ಕಾರ್ಡ್ ತೋರಿಸಿ! ಬೈಗುಳವಿಲ್ಲ, ಲಾಠಿಯಿಲ್ಲ, ತಲೆಬಾಗಿಯೇ ಕೇಳುತ್ತಾನೆ. ಆದರೆ ಪಕ್ಕದಲ್ಲಿ ಹೋಗುವ ನೂರು ಜನರನ್ನು ಬಿಟ್ಟು ನಿಮ್ಮನ್ನೇ ಕೇಳಿದಾಗ ಆ ವಿನಯವೂ ಚುಚ್ಚುತ್ತದೆ. ಹೀಗೆ ಮುಖ ನೋಡಿ ತಡೆಯುವುದರ ವಿರುದ್ಧ 2024ರ ಜನವರಿಯಲ್ಲಿ ವಿದೇಶಿ ಮೂಲದ ಮೂವರು ಟೋಕಿಯೋದ ಕೋರ್ಟಿಗೇ ಹೋದರು.

ಇದಕ್ಕಿಂತ ದೊಡ್ಡದು ಭಾಷೆಯ ವಿಷಯ. ಅಲ್ಲಿ ಬಂಧನವಾದರೆ, ಒಂದು ಆರೋಪಕ್ಕೆ, ಕೇಸು ಹಾಕುವ ಮೊದಲೇ 23 ದಿನದವರೆಗೆ ಒಳಗಿಡಬಹುದು. ವಿಚಾರಣೆಯಲ್ಲಿ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ನೀವು ಹೇಳಿದ್ದನ್ನು ಪೊಲೀಸರು ಜಪಾನಿಯಲ್ಲಿ, ‘ನಾನು ಹೀಗೆ ಮಾಡಿದೆ’ ಎಂದು ನೀವೇ ಬರೆದಂತೆ ಬರೆಯುತ್ತಾರೆ. ದುಭಾಷಿ ಓದಿ ಹೇಳುತ್ತಾರೆ. ಸಹಿ ಮಾತ್ರ ನಿಮ್ಮದು! ತಿದ್ದಿಸುವ, ಸಹಿ ಒಲ್ಲೆನೆನ್ನುವ, ಬಾಯಿ ಮುಚ್ಚಿಕೊಂಡಿರುವ ಹಕ್ಕು ಕಾನೂನಿನಲ್ಲಿದೆ. ಅದನ್ನು ಕೇಳುವುದಕ್ಕೂ ಮಾತು ಬೇಕಲ್ಲ?

ನಿಶಿ-ಕಸಾಯ್ ಎಂಬ ಬಡಾವಣೆಯಲ್ಲಿ ನಮ್ಮ ದೇಶದ ಸಾಫ್ಟ್‌ವೇರ್ ಹುಡುಗರು ತುಂಬಿದ್ದಾರೆ. ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಕಾಲ ತಳ್ಳುವವರಿದ್ದಾರೆ. ಆಫೀಸಿನಲ್ಲಿ ಅದು ನಡೆಯುತ್ತದೆ, ಪೊಲೀಸರ ಮುಂದೆ ನಡೆಯುವುದಿಲ್ಲ. ಜಪಾನಿ ಕಲಿತ ಮೇಲೆ ನಾನು ‘ಯಾವ ಕಾರಣಕ್ಕೆ ನಿಲ್ಲಿಸಿದಿರಿ?’ ಎಂದು ಅವರ ಮಾತಿನಲ್ಲೇ ಕೇಳುತ್ತಿದ್ದೆ. ಕಾರ್ಡ್ ನೋಡುವುದನ್ನೇನೂ ಬಿಡುತ್ತಿರಲಿಲ್ಲ ಅನ್ನಿ! ಆದರೆ ಕಾರಣ ಹೇಳುತ್ತಿದ್ದರು, ದನಿ ಇಳಿಯುತ್ತಿತ್ತು.

ನಿಮ್ಮಲ್ಲಿ ನಾಳೆ ಅಲ್ಲಿಗೆ ಹೊರಡುವವರಿದ್ದರೆ ಕಾರ್ಡ್ ಸದಾ ಜೇಬಿನಲ್ಲಿರಲಿ. ಅವರ ಭಾಷೆ ಕಲಿಯಿರಿ. ಕಲಿಯುವ ಮೊದಲೇ ಸಿಕ್ಕಿಕೊಂಡರೆ ‘ಕನ್ನಡ-ಗೋ ನೋ ತ್ಸೂಯಾಕು ಒನೆಗಾಯ್ ಶಿಮಾಸು’ ಅನ್ನಿ: ಕನ್ನಡದ ದುಭಾಷಿ ಬೇಕು. ‘ಇಂಡಿಯಾದವರಲ್ಲವೇ, ಹಿಂದಿ ಸಾಕಲ್ಲ’ ಎಂದರೆ, ಹಿಂದಿ ಚೆನ್ನಾಗಿ ಬಾರದವರು ತಲೆಯಾಡಿಸಿ ಸಹಿ ಹಾಕಬೇಡಿ.