ರಸಾಯನಶಾಸ್ತ್ರದ ಬೋಧನೆಯಲ್ಲಿ ಸೂತ್ರ, ವೃತ್ತಿ, ಉದಾಹರಣೆ

(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

ವ್ಯಾಕರಣ ತರ್ಕಗಳಲ್ಲಿ ಕಾಲ ಕಳೆದ ಪಾಠಶಾಲೆಯ ಪಂಡಿತನು ರಸಾಯನಶಾಸ್ತ್ರದ ಬೋಧನೆಯನ್ನು ಕುರಿತು ಮಾತನಾಡುವನೆಂದು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ನಗುವುದು ಸಹಜವೇ. ಆದರೆ ಶ್ರೀಮಠದ ಪಾಠಶಾಲೆಗೂ ಪ್ರೌಢಶಾಲೆಗೂ ನಡುವೆ ಇರುವುದು ಒಂದೇ ಗೋಡೆ. ಅದರಾಚೆಯಿಂದ ಅನೇಕ ವರ್ಷಗಳಿಂದ ನನಗೆ ಕೇಳಿಬರುತ್ತಿರುವ ಧ್ವನಿಯು ನನ್ನ ಪಾಠಶಾಲೆಯ ಧ್ವನಿಯಂತೆಯೇ ಇರುತ್ತದೆ. ಒಬ್ಬರು ಹೇಳಿಕೊಡುತ್ತಾರೆ, ತರಗತಿಯೆಲ್ಲ ಒಕ್ಕೊರಲಿನಿಂದ ತಿರುಗಿ ಹೇಳುತ್ತದೆ. ನಾವು ಅಮರಕೋಶವನ್ನು ಹೇಳಿಕೊಂಡಂತೆ ಅವರು ಕ್ಯಾಲ್ಸಿಯಂ ಕಾರ್ಬೊನೇಟಿನ ಸಮೀಕರಣವನ್ನು ಹೇಳಿಕೊಳ್ಳುತ್ತಾರೆ.

ಕಂಠಪಾಠವನ್ನು ಹಳಿಯತಕ್ಕವನು ನಾನಲ್ಲ. ನನ್ನ ಅನ್ನವೇ ಅದರಿಂದ ಬಂದುದು. ಆದರೆ ಪಾಠಶಾಲೆಯಲ್ಲಿ ಅದು ಮೊದಲನೆಯ ಮೆಟ್ಟಿಲು ಮಾತ್ರ. ಸೂತ್ರವು ಬಾಯಿಗೆ ಬಂದ ಮೇಲೆ ವೃತ್ತಿ. ವೃತ್ತಿಯ ತರುವಾಯ ಉದಾಹರಣೆ. ಅಲ್ಲಿಗೂ ನಿಲ್ಲದೆ ಪ್ರತ್ಯುದಾಹರಣೆ, ಅಂದರೆ ಈ ಸೂತ್ರವು ಎಲ್ಲಿ ಪ್ರವರ್ತಿಸುವುದಿಲ್ಲವೆಂದು ತೋರಿಸುವ ಮಾತು. ಇವಿಷ್ಟೂ ಆದ ಮೇಲೆಯೇ ಗುರುಗಳು ಮುಂದಿನ ಸೂತ್ರವನ್ನು ಎತ್ತಿಕೊಳ್ಳುತ್ತಿದ್ದರು. ರಾಸಾಯನಿಕ ಸಮೀಕರಣವೂ ಒಂದು ಸೂತ್ರವೇ ಸರಿ. ನಾಲ್ಕಾರು ಅಕ್ಷರಗಳಲ್ಲಿ ಬಹಳ ಅರ್ಥವನ್ನು ಅಡಗಿಸಿಟ್ಟುಕೊಂಡಿದೆ. ಅದನ್ನು ಕಲಿಸುವಲ್ಲಿ ಮಾತ್ರ ವೃತ್ತಿಯನ್ನೂ ಉದಾಹರಣೆಯನ್ನೂ ಬಿಟ್ಟುಕೊಟ್ಟಿದ್ದೇವೆ. ಇದರ ನಷ್ಟ ಯಾರಿಗೆ? ಪ್ರಸಾದನಿಲಯದಲ್ಲಿರುವ ನಮ್ಮ ರೈತರ ಮಕ್ಕಳಿಗೆ. ಪಟ್ಟಣದ ಹುಡುಗನಿಗೆ ಮನೆಪಾಠವಾದರೂ ಉಂಟು. ಈ ಮಕ್ಕಳು ಹತ್ತನೆಯ ತರಗತಿಯನ್ನು ಮುಗಿಸಿ, 'ರಸಾಯನಶಾಸ್ತ್ರವು ನಮ್ಮಂಥವರಿಗಲ್ಲ' ಎಂದು ಕೈಮುಗಿದುಬಿಡುತ್ತಾರೆ. ಅಲ್ಲಿಗೆ ವೈದ್ಯ, ಔಷಧ, ಕೃಷಿವಿಜ್ಞಾನಗಳ ಬಾಗಿಲು ಒಟ್ಟಿಗೇ ಮುಚ್ಚಿಹೋಗುತ್ತದೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಜಾನ್‌ಸ್ಟೋನ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕರು ಈ ತೊಡಕನ್ನು ದೀರ್ಘಕಾಲ ವಿಚಾರಿಸಿ, 1982ರಲ್ಲಿಯೂ 1991ರಲ್ಲಿಯೂ ಬರೆದ ಲೇಖನಗಳಲ್ಲಿ ಒಂದು ವಿವೇಚನೆಯನ್ನು ಮುಂದಿಟ್ಟರು. ಈ ಶಾಸ್ತ್ರಕ್ಕೆ ಮೂರು ನೆಲೆಗಳು. ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ವಸ್ತು ಒಂದು. ಕಾಣದಿರುವ ಅಣು ಪರಮಾಣುಗಳು ಮತ್ತೊಂದು. ಕಾಗದದ ಮೇಲಿನ ಸಂಕೇತವು ಮೂರನೆಯದು. ಬಲ್ಲವನು ಈ ಮೂರರ ನಡುವೆ ಲೀಲೆಯಿಂದ ಓಡಾಡುತ್ತಾನೆ. ಹೊಸದಾಗಿ ಕಲಿಯುವವನ ತಲೆಯಲ್ಲಿ ಮೂರನ್ನೂ ಒಮ್ಮೆಲೇ ತುರುಕಿದರೆ ಯಾವುದೂ ನಿಲ್ಲುವುದಿಲ್ಲ. ಇದನ್ನು ಕೇಳಿದಾಗ ನನಗೆ ಪರಿಚಯದ ಮಾತೇ ಎನಿಸಿತು. ವಸ್ತುವು ಉದಾಹರಣೆ, ಪರಮಾಣುವಿನ ವಿವರಣೆಯು ವೃತ್ತಿ, ಸಂಕೇತವು ಸೂತ್ರ. ಒಂದು ಭೇದವುಂಟು: ವ್ಯಾಕರಣದಲ್ಲಿ ಸೂತ್ರವು ಮೊದಲು, ಇಲ್ಲಿ ಉದಾಹರಣೆಯು ಮೊದಲಾಗಬೇಕು. ಏಕೆಂದರೆ ಭಾಷೆಯು ಮಗುವಿನ ನಾಲಗೆಯಲ್ಲಿ ಮೊದಲೇ ಇರುತ್ತದೆ, ರಸಾಯನದ್ರವ್ಯಗಳು ಹಾಗಿರುವುದಿಲ್ಲ.

ಇರುವುದಿಲ್ಲವೆಂದೆನಲ್ಲ, ಅದೂ ಪೂರ್ಣ ಸತ್ಯವಲ್ಲ. ಸುಣ್ಣವನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ, ಶಹಾಬಾದ ಸೀಮೆಗಳಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ. ಶುದ್ಧವಾದ 100 ಕಿಲೋಗ್ರಾಂ ಕಲ್ಲನ್ನು ಭಟ್ಟಿಯಲ್ಲಿ ಚೆನ್ನಾಗಿ ಸುಟ್ಟರೆ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಮಿಕ್ಕ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾಯುವಾಗಿ ಆಕಾಶವನ್ನು ಸೇರುತ್ತದೆ. ಆ ಸುಣ್ಣಕ್ಕೆ ನೀರೆರೆದರೆ ಕೊತಕೊತನೆ ಕುದಿದು, 18 ಕಿಲೋಗ್ರಾಂ ನೀರನ್ನು ತನ್ನೊಳಗೆ ಸೇರಿಸಿಕೊಂಡು, 74 ಕಿಲೋಗ್ರಾಂ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಮತ್ತೆ ಆ ವಾಯುವನ್ನೇ ಹೀರಿ, ನೀರನ್ನು ಬಿಟ್ಟು, ಮೆಲ್ಲಮೆಲ್ಲನೆ ಕಲ್ಲೇ ಆಗುತ್ತದೆ. ನಮ್ಮ ಮಠದ ಹಳೆಯ ಗಾರೆಯ ಗೋಡೆಗಳು ಹೀಗೆ ತಿರುಗಿ ಕಲ್ಲಾದವುಗಳೇ. ಸುಣ್ಣ ಸುಡುವವನು ಕಲ್ಲು ಹಗುರವಾಗುವುದನ್ನು ಹೊತ್ತು ಬಲ್ಲನು. ವಿದ್ಯಾರ್ಥಿಯು ನಲವತ್ತನಾಲ್ಕೆಂಬ ಅಂಕಿಯನ್ನು ಲೆಕ್ಕಮಾಡಿ ಬಲ್ಲನು. ಇವರಿಬ್ಬರಿಗೂ ಭೇಟಿಯೇ ಆಗಿಲ್ಲ!

ಆ ಭೇಟಿಯನ್ನು ಮಾಡಿಸುವುದು ಸುಲಭ. ಅಜ್ಜಿಯ ಎಲೆಯಡಕೆಯ ಚೀಲದಲ್ಲಿರುವ ಸುಣ್ಣವನ್ನು ನೀರಿನಲ್ಲಿ ಕದಡಿ, ತಳಕ್ಕೆ ಇಳಿಯಗೊಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡು, ಒಣಗಿದ ಪಪ್ಪಾಯಿ ಎಲೆಯ ತೊಟ್ಟಿನ ಕೊಳವೆಯಿಂದ ಹುಡುಗನು ಉಸಿರೂದಲಿ, ಹೀರದಿರಲಿ. ತಿಳಿಯು ಹಾಲಿನಂತಾಗುವುದು. ಭಟ್ಟಿಯಿಂದ ಆಕಾಶಕ್ಕೆ ಹೋದ ವಾಯುವೂ ತನ್ನ ಎದೆಯಿಂದ ಹೊರಟ ವಾಯುವೂ ಒಂದೇ ಎಂಬುದನ್ನು ಆಗ ಅವನಿಗೆ ಹೇಳಬೇಕು. ಪರಮಾಣುಗಳ ಬದಲಿಗೆ ಹುಣಸೆಬೀಜ, ಕಡಲೆ, ಹೆಸರುಕಾಳುಗಳನ್ನು ಮಣೆಯ ಮೇಲೆ ಜೋಡಿಸಿ, ಯಾವುದು ಯಾವುದನ್ನು ಬಿಟ್ಟು ಎಲ್ಲಿ ಸೇರಿತೆಂದು ತೋರಿಸಬೇಕು. ಸಮೀಕರಣವನ್ನು ಬರೆಯುವುದು ಅನಂತರ. ಹೀಗೆ ಬರೆದುದು ಮರೆತುಹೋದರೂ ಹುಡುಗನು ಅದನ್ನು ತಾನೇ ಮತ್ತೆ ಕಟ್ಟಿಕೊಳ್ಳಬಲ್ಲನು.

ಪ್ರತ್ಯುದಾಹರಣೆಯ ಮಾತೂ ಹಾಗೆಯೇ. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದೆಂಬುದು ಆರತಿಯ ನೀರನ್ನು ಕಲಸುವ ಪ್ರತಿಯೊಬ್ಬ ತಾಯಿಗೂ ಗೊತ್ತು. ಅಡುಗೆಯ ಉಪ್ಪನ್ನೂ ಸಕ್ಕರೆಯನ್ನೂ ಸೇರಿಸಿ ನೋಡಲಿ, ಕೆಂಪಾಗದು. ಬೆಳ್ಳಗಿರುವುದೆಲ್ಲ ಸುಣ್ಣವಲ್ಲ. ಅಡುಗೆಸೋಡಾ ಮತ್ತು ಕಟ್ಟಿಗೆಯ ಬೂದಿಯ ನೀರು ಕೆಂಪಾಗಿಸುತ್ತವೆ. ಹಾಗಾದರೆ ಈ ಗುಣವು ಸುಣ್ಣವೊಂದರದಲ್ಲ, ಒಂದು ಕುಲದ್ದು. ನಿಂಬೆಯ ರಸವನ್ನು ಹಿಂಡಿದರೆ ಹಳದಿ ತಿರುಗಿ ಬರುತ್ತದೆ. ಕ್ಷಾರವೆಂಬ ಹೆಸರನ್ನು ಹೇಳಬೇಕಾದ ಗಳಿಗೆ ಅದು. ಅದಕ್ಕಿಂತ ಮುಂಚೆ ಹೇಳಿದರೆ ಬರಿಯ ಶಬ್ದ.

ಹೆಸರುಗಳ ವಿಷಯದಲ್ಲಿ ಒಂದು ಮಾತು; ಶಬ್ದಶಾಸ್ತ್ರದವನಾದ್ದರಿಂದ ಬಿಡಲಾರೆ. 'ಆಮ್ಲಜನಕ'ವೆಂದರೆ ಆಮ್ಲವನ್ನು ಹುಟ್ಟಿಸುವುದು. ಆಮ್ಲಗಳಿಗೆಲ್ಲ ಈ ವಾಯುವೇ ಕಾರಣವೆಂದು ಬಗೆದು ಫ್ರಾನ್ಸಿನ ಲಾವೋಸಿಯೇ ಕೊಟ್ಟ ಹೆಸರನ್ನು ನಾವು ಅನುವಾದಿಸಿಕೊಂಡೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂಬುದು 1810ರಲ್ಲಿ ಇಂಗ್ಲೆಂಡಿನ ಡೇವಿಯಿಂದ ತಿಳಿಯಿತು. ಹೆಸರು ಮಾತ್ರ ಉಳಿಯಿತು. ಜಾಣ ಹುಡುಗನೊಬ್ಬನು ಎದ್ದು, 'ಸುಣ್ಣದಲ್ಲಿ ಆಮ್ಲಜನಕವಿದೆ, ಅದೇಕೆ ಹುಳಿಯಾಗಿಲ್ಲ?' ಎಂದು ಕೇಳಿದರೆ ಗದರಿಸಿ ಕೂರಿಸಬಾರದು. ಅವನು ಕೇಳಿದ್ದು ಯೋಗ್ಯವಾದ ಪೂರ್ವಪಕ್ಷ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ 1825ರಿಂದ ಕ್ರಿಸ್ಮಸ್ ಉಪನ್ಯಾಸಗಳು ನಡೆಯುತ್ತ ಬಂದಿವೆ. ಅಲ್ಲಿ ಮೈಕೆಲ್ ಫ್ಯಾರಡೆಯು ಒಂದೇ ಒಂದು ಮೇಣದ ಬತ್ತಿಯನ್ನು ಹಿಡಿದು ಉಪನ್ಯಾಸಮಾಲೆಯನ್ನೇ ನಡೆಯಿಸಿದನು. 1861ರಲ್ಲಿ ಅವು ಗ್ರಂಥವಾಗಿ ಬಂದವು. ಆತನು ಕಮ್ಮಾರನ ಮಗನು, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವನು. ಜ್ವಾಲೆಯ ನಡುವಣ ಕಪ್ಪು ಭಾಗಕ್ಕೆ ಗಾಜಿನ ಕೊಳವೆಯನ್ನು ಚಾಚಿ, ಅಲ್ಲಿಯ ಮೇಣದ ಆವಿಯನ್ನು ಹೊರತಂದು, ಕೊಳವೆಯ ತುದಿಯಲ್ಲಿ ಹೊತ್ತಿಸಿ ತೋರಿಸಿದನು. ನಮಗೆ ಮೇಣದ ಬತ್ತಿಯೇ ಬೇಕೆಂದಿಲ್ಲ. ಹರಳೆಣ್ಣೆಯ ದೀಪದ ಮೇಲೆ ತಣ್ಣನೆಯ ಹಿತ್ತಾಳೆಯ ಬಟ್ಟಲನ್ನು ಕವುಚಿ ಕಾಡಿಗೆ ಹಿಡಿಯುವ ಮನೆಗಳಲ್ಲಿ ಅಪೂರ್ಣದಹನದ ಪಾಠವು ಆಗಲೇ ನಡೆದಿರುತ್ತದೆ.

ಇನ್ನು ಆವರ್ತಕೋಷ್ಟಕ. ಇದನ್ನು ಕಂಡರೆ ಮಕ್ಕಳಿಗೆ ಭಯ. ರಷ್ಯಾದೇಶದ ಮೆಂಡಲೀಫನು 1869ರಲ್ಲಿ ಇದನ್ನು ರಚಿಸಿದ್ದು ತನ್ನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯುತ್ತಿದ್ದಾಗ. ಆಗ ತಿಳಿದಿದ್ದ ಅರವತ್ತಮೂರು ಮೂಲವಸ್ತುಗಳನ್ನು ಯಾವ ಕ್ರಮದಲ್ಲಿ ಪಾಠ ಹೇಳಲಿ ಎಂಬ ಉಪಾಧ್ಯಾಯನ ಚಿಂತೆಯೂ ಅದರ ಹಿಂದೆ ಇತ್ತು. ಇದನ್ನು ನಮ್ಮ ವರ್ಣಮಾಲೆಯಿಂದ ತಿಳಿಯಹೇಳಬಹುದು. ಕಚಟತಪ ವರ್ಗಗಳನ್ನು ಐದು ಸಾಲಾಗಿ ಬರೆದರೆ ಅಡ್ಡಸಾಲಿನಲ್ಲಿ ಸ್ಥಾನವು ಒಂದೇ, ಉದ್ದಸಾಲಿನಲ್ಲಿ ಪ್ರಯತ್ನವು ಒಂದೇ. 'ಧ'ಕಾರವನ್ನು ಒರಸಿಬಿಟ್ಟು, ಅದನ್ನೆಂದೂ ಕೇಳದವನನ್ನು ಕೇಳಿರಿ: ಅಕ್ಕಪಕ್ಕದ ತಥದಗಳನ್ನೂ ಮೇಲುಕೆಳಗಿನ ಢಭಗಳನ್ನೂ ಉಚ್ಚರಿಸಿ ನೋಡಿ ಅದನ್ನು ತಾನೇ ನುಡಿದುಬಿಡುವನು. ಮೆಂಡಲೀಫನು ಖಾಲಿ ಮನೆಗಳನ್ನು ಹೀಗೆಯೇ ತುಂಬಿದನು. ಇನ್ನೂ ಕಾಣದ ವಸ್ತುಗಳಿಗೆ ಸಂಸ್ಕೃತದ 'ಏಕ' ಶಬ್ದವನ್ನು ಸೇರಿಸಿ ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟನು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ದೊರೆತವು. ಅಂಗೈಯ ಕಾವಿಗೇ ಕರಗುವ ಗ್ಯಾಲಿಯಮ್ಮಿನ ಸಾಂದ್ರತೆಯು 4.7 ಎಂದು ಅದನ್ನು ಕಂಡುಹಿಡಿದ ಫ್ರೆಂಚ್ ವಿದ್ವಾಂಸನು ಹೇಳಿದಾಗ, ಕಣ್ಣಿನಿಂದ ನೋಡದ ಮೆಂಡಲೀಫನು ಅದು 5.9ರಷ್ಟಿರಬೇಕೆಂದು ಹೇಳಿದನು. ದ್ರವ್ಯವನ್ನು ಶುದ್ಧಮಾಡಿ ತೂಗಿದಾಗ 5.9 ಬಂದಿತು! 'ಏಕ' ಶಬ್ದವಿರುವುದರಿಂದ ಆತನು ಪಾಣಿನಿಯ ಶಿಷ್ಯನೇ ಎಂದು ಕೆಲವರು ಹಿಗ್ಗುವುದುಂಟು. ಅನುಮಾನಕ್ಕೆ ಹೇತು ಬೇಕು; ತರ್ಕ ಓದಿದವನು ಅಷ್ಟು ಬೇಗ ತಲೆದೂಗತಕ್ಕದ್ದಲ್ಲ.

ಇಂಥ ಪಾಠಕ್ರಮವು ಬಡಶಾಲೆಗಳಲ್ಲಿ ಸಾಗುವುದೇ ಎಂದು ಕೇಳುವಿರಿ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1972ರಲ್ಲಿ ಹದಿನಾರು ಶಾಲೆಗಳಿಂದ ಪ್ರಾರಂಭವಾದ ವಿಜ್ಞಾನಶಿಕ್ಷಣದ ಕಾರ್ಯವು ಸಾಗಿತು, ಬಹುವಾಗಿ ಬೆಳೆಯಿತು. ಅಲ್ಲಿ ಮಕ್ಕಳು ತಾವೇ ಪ್ರಯೋಗಮಾಡುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಳ್ಳಲು ಅನುಮತಿಯಿತ್ತು. ಸರ್ಕಾರವು 2002ರಲ್ಲಿ ಅದನ್ನು ನಿಲ್ಲಿಸಿದುದು ವಿಷಾದದ ಸಂಗತಿ. ಮೂವತ್ತು ವರ್ಷ ನಡೆದುದಂತೂ ಸುಳ್ಳಲ್ಲ. ಪರೀಕ್ಷೆಯನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ವಾರಕ್ಕೊಂದು ಗಂಟೆ ನಮ್ಮದು.

ಪ್ರಯೋಗಗಳನ್ನು ಹನಿಗಳ ಲೆಕ್ಕದಲ್ಲಿ ಮಾಡಿದರೆ ವೆಚ್ಚವೂ ಅಪಾಯವೂ ಕಡಿಮೆ. ಸುಟ್ಟ ಸುಣ್ಣಕ್ಕೆ ನೀರೆರೆಯುವುದನ್ನು ಮಾತ್ರ ಉಪಾಧ್ಯಾಯರೇ ಮಾಡಬೇಕು, ಮಕ್ಕಳು ದೂರ ನಿಲ್ಲಬೇಕು. ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಸದ್ಭಕ್ತರಲ್ಲಿ ನಾನು ಬೇಡುವುದು ಹೆಚ್ಚಿನದಲ್ಲ: ಒಂದು ಬೀರು, ಒಂದು ಒಳ್ಳೆಯ ತಕ್ಕಡಿ, ಮಕ್ಕಳ ಸಂಖ್ಯೆಯಷ್ಟು ಕಣ್ಣಿನ ಕಾಪುಗನ್ನಡಕಗಳು, ಹನಿಹಾಕುವ ಕೊಳವೆಗಳು. ಮತ್ತೆ, ನಿಮ್ಮ ಊರುಗಳಲ್ಲಿ ಸುಣ್ಣ ಸುಡುವವರು, ಬಣ್ಣ ಹಾಕುವವರು, ಬೆಲ್ಲದ ಗಾಣದವರು ಇದ್ದರೆ ವರ್ಷಕ್ಕೊಂದು ದಿನ ಅವರನ್ನು ಶಾಲೆಗೆ ಕರೆತಂದು ಮಕ್ಕಳ ಮುಂದೆ ಕೂರಿಸಿರಿ. ಅವರಿಗೆ ಹೋಗಿಬರುವ ಬಂಡಿಯ ಖರ್ಚನ್ನು ಪಾಠಶಾಲೆಯ ಕಡೆಯಿಂದ ನಾನು ಕೊಡಿಸುತ್ತೇನೆ.