ಬಿಂಕುಳ ಎಲ್ಲಿ ಟೊಣಕಿತು?

ಮೊದಲು ನಿಮಗೊಂದು ಸಣ್ಣ ಪರೀಕ್ಷೆ. ‘ಬಿಂಕುಳವು ಗಿಬಸದ ಮೇಲೆ ಜೋರಾಗಿ ಟೊಣಕಿತು.’ ಈಗ ಹೇಳಿ, ಬಿಂಕುಳ ಎಲ್ಲಿ ಟೊಣಕಿತು? ಗಿಬಸದ ಮೇಲೆ. ಹೇಗೆ ಟೊಣಕಿತು? ಜೋರಾಗಿ. ಪೂರ್ತಿ ಅಂಕ! ಬಿಂಕುಳ ಪ್ರಾಣಿಯೋ ಪಾತ್ರೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಪದಗಳನ್ನು ಭಾಷಣಕ್ಕೆಂದೇ ಕಟ್ಟಿಕೊಂಡು ಬಂದೆ. ವಿಭಕ್ತಿ ಪ್ರತ್ಯಯ ಹಿಡಿದುಕೊಂಡರೆ ಸಾಕು, ಅರ್ಥದ ಹಂಗಿಲ್ಲದೆ ಉತ್ತರ ಬರೆಯಬಹುದು. ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಎಂದಾಗ ಎಷ್ಟೋ ಮಕ್ಕಳು ಮಾಡುವುದು ಇದನ್ನೇ.

ಹೊಸದಾಗಿ ನೇಮಕವಾಗಿ ಬಂದ ಶಿಕ್ಷಕಿಯ ಕಣ್ಣಿಗೆ ಇದು ಬೀಳುವುದಿಲ್ಲ. ಮಗು ತಡವರಿಸದೆ ಓದಿತು, ಉತ್ತರ ಬರೆಯಿತು, ಇನ್ನೇನು ಬೇಕು? ಆಕೆಯನ್ನು ದೂರುವಂತಿಲ್ಲ. ಕಾಗುಣಿತ, ಒತ್ತಕ್ಷರ ದಾಟಿಸುವುದರಲ್ಲೇ ಆಕೆಯ ಉಸಿರು ಹೋಗಿರುತ್ತದೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಪ್ರಕಾರ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಅಕ್ಷರ ಮುಗಿಯಲಿ, ಆಮೇಲೆ ಅರ್ಥ ಎಂದುಕೊಂಡರೆ ಬಾಲ್ಯವೇ ಕಳೆದಿರುತ್ತದೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರವಾಗಿ ಬರೆದರು: ಅಕ್ಷರ ಬಿಡಿಸುವ ಶಕ್ತಿ, ಗುಣಿಸು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ. ಕೂಡಿಸುವ ಲೆಕ್ಕವಲ್ಲ. ಒಂದು ಸೊನ್ನೆಯಾದರೆ ಫಲವೂ ಸೊನ್ನೆ.

ಹಾಗಾದರೆ ಅರ್ಥವನ್ನು ಕಲಿಸುವುದು ಹೇಗೆ? ಮೂರು ಸಾಲಿನ ಕತೆ ತೆಗೆದುಕೊಳ್ಳಿ. ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಹರವಿದ್ದಳು. ಮೇಲೆ ನೋಡಿದಳು. ‘ಪುಟ್ಟೀ, ಬೇಗ ಬಾ, ಚಾಪೆ ಹಿಡಿ’ ಎಂದು ಕೂಗಿದಳು. ಇಷ್ಟೇ. ಮಳೆಯ ಸುದ್ದಿ ಎಲ್ಲೂ ಇಲ್ಲ. ‘ಅಜ್ಜಿ ಯಾಕೆ ಕೂಗಿದಳು?’ ಎಂದು ಶಿಕ್ಷಕಿ ಕೇಳುತ್ತಾಳೆ. ಒಬ್ಬ ಹುಡುಗ ‘ಕಾಗೆ ಬಂತು ಮಿಸ್’ ಅಂದ ಎನ್ನಿ. ಹೊಸಬರಾದರೆ ‘ತಪ್ಪು, ಕೂತ್ಕೋ, ಮಳೆ ಬಂತು’ ಎಂದು ಮುಗಿಸಿಬಿಡುತ್ತಾರೆ. ಅನುಭವಸ್ಥರು ‘ಯಾಕೋ ಹಾಗನ್ನಿಸ್ತು?’ ಎನ್ನುತ್ತಾರೆ. ‘ಅಜ್ಜಿ ಮೇಲೆ ನೋಡಿದ್ಳಲ್ಲ ಮಿಸ್.’ ಸರಿಯಾದ ತರ್ಕವೇ! ಆಗ ಹಿಂದಿನ ಸಾಲಿನ ಹುಡುಗಿ ಬಾಯಿ ಹಾಕುತ್ತಾಳೆ: ‘ಕಾಗೆ ಆಗಿದ್ರೆ ಕೋಲು ತಗೊಂಡು ಓಡಿಸ್ತಿದ್ಳು, ಚಾಪೆ ಯಾಕೆ ಹಿಡೀಬೇಕಿತ್ತು?’ ಹುಡುಗ ಮತ್ತೆ ಪುಸ್ತಕಕ್ಕೆ ಕಣ್ಣು ಹಾಕುತ್ತಾನೆ. ಓದು ಶುರುವಾಗುವುದು ಅಲ್ಲಿಂದ.

ಹೀಗೆ ಮರುಪ್ರಶ್ನೆ ಕೇಳುವುದನ್ನು ಎರಡು ದಿನದ ತರಬೇತಿಯ ಪಿಪಿಟಿಯಲ್ಲಿ ತೋರಿಸಬಹುದು, ರೂಢಿ ಮಾಡಿಸಲಾಗದು. ಅದಕ್ಕೆ ಪಕ್ಕದಲ್ಲಿ ಒಬ್ಬರು ಬೇಕು. ನಮ್ಮಲ್ಲಿ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಇದ್ದಾರಲ್ಲ ಎನ್ನುತ್ತೀರಿ. ಇದ್ದಾರೆ, ಬಂದು ಹಾಜರಾತಿ, ಬಿಸಿಯೂಟದ ಲೆಕ್ಕ, ಪಾಠಯೋಜನೆ ನೋಡಿ, ಸಂದರ್ಶನ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಮುಂದಿನ ಶಾಲೆಗೆ ಹೊರಡುತ್ತಾರೆ. ಅವರ ಮೇಲೂ ಕೆಲಸದ ಹೊರೆ ಕಡಿಮೆಯಿಲ್ಲ. ನನ್ನ ಬೇಡಿಕೆ ಚಿಕ್ಕದು: ಒಂದು ಭೇಟಿಯಲ್ಲಿ ಸಿಆರ್‌ಪಿಯೇ, ಇಲ್ಲವೇ ಅದೇ ಶಾಲೆಯ ಹಿರಿಯ ಶಿಕ್ಷಕರು ಮಕ್ಕಳಿಗೆ ಕತೆ ಓದಲಿ. ಹೊಸ ಶಿಕ್ಷಕಿ ಹಿಂದೆ ಕೂತು ಮಕ್ಕಳು ಆಡಿದ ಮಾತನ್ನಷ್ಟೇ ಬರೆದುಕೊಳ್ಳಲಿ. ಮುಂದಿನ ಸಲ ಆಕೆ ಓದಲಿ, ಇವರು ಬರೆದುಕೊಳ್ಳಲಿ. ಆಮೇಲೆ ಚಹಾ ಕುಡಿಯುತ್ತಾ ಇಬ್ಬರೂ ಒಂದು ಮಗುವಿನ ಒಂದೇ ಉತ್ತರದ ಬಗ್ಗೆ ಮಾತಾಡಲಿ. ಫಾರಂ ಬೇಡ.

ನಲಿಕಲಿ ತರಗತಿಯಲ್ಲಿ ಹೀಗೆ ಕತೆ ಓದಲು ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು, ಕಲಿಕೆಯ ಕಾರ್ಡು ಹಿಡಿದು ತಮ್ಮ ತಮ್ಮ ಗತಿಯಲ್ಲಿ ಮೈಲಿಗಲ್ಲುಗಳ ಮೆಟ್ಟಿಲೇರುತ್ತಾರೆ. ಒಳ್ಳೆಯದೇ. ಆದರೆ ಕಾರ್ಡು ಮಗುವಿಗೆ ಎದುರುತ್ತರ ಕೊಡುವುದಿಲ್ಲ. ದಿನಕ್ಕೆ ಕಾಲು ಗಂಟೆ ಎಲ್ಲ ಗುಂಪುಗಳನ್ನೂ ಒಟ್ಟಿಗೆ ಕೂರಿಸಿ ಕತೆ ಓದಿದರೆ ಯಾವ ಮೈಲಿಗಲ್ಲೂ ತಪ್ಪದು.

ಇನ್ನು ಓದಿ ಹೇಳಲು ಬೇಕಾದ ಕತೆ ಪುಸ್ತಕಗಳು. ಎಷ್ಟೋ ಶಾಲೆಗಳಲ್ಲಿ ಅವು ಬೀರುವಿನಲ್ಲಿ ಬೀಗದ ಹಿಂದಿರುತ್ತವೆ. ಅದಕ್ಕೆ ಕಾರಣ ದಾಸ್ತಾನು ವಹಿ. ಹರಿದರೆ, ಕಳೆದರೆ ಲೆಕ್ಕ ಕೊಡಬೇಕು; ಪ್ರೊಬೇಷನ್‌ನಲ್ಲಿರುವವರು ಈ ಉಸಾಬರಿಗೆ ಹೋಗುವರೇ? ಮಕ್ಕಳ ಕೈಯಲ್ಲಿ ಹರಿದ ಪುಸ್ತಕವನ್ನು ಬಳಕೆಯಾಗಿ ಸವೆದದ್ದೆಂದೇ ಬರೆದುಕೊಳ್ಳಬೇಕು. ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿದ್ದರೆ ನಿಮ್ಮ ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯ ಎತ್ತಿ, ಮುಖ್ಯ ಶಿಕ್ಷಕರಿಂದ ನಡಾವಳಿಯಲ್ಲಿ ಬರೆಸಿ, ಸಹಿ ಹಾಕಿಸಿ.